ಯಾರ ಬಯಕೆ, ಯಾರ ಫಲ: ಯೂಸರ್ ಸ್ಟೋರಿಯ ಗುಣವಿಚಾರ

ಒಂದು ಸಾಫ್ಟ್‌ವೇರ್ ಯಾರಿಗೆ ಏನು ಮಾಡಿಕೊಡಬೇಕು, ಅದರಿಂದ ಅವರಿಗೆ ಏನು ಸಿಗಬೇಕು ಎಂಬುದನ್ನು ಆ ವ್ಯಕ್ತಿಯೇ ಹೇಳಿದಂತೆ ಬರೆದಿಡುವ ಒಂದೆರಡು ವಾಕ್ಯಕ್ಕೆ ಯೂಸರ್ ಸ್ಟೋರಿ ಎನ್ನುತ್ತಾರೆ. ಅಜೈಲ್ ಪದ್ಧತಿಯಲ್ಲಿ ನಡೆಯುವ ಟೀಮುಗಳ ಕೆಲಸದ ಪಟ್ಟಿ, ಅಂದರೆ ಬ್ಯಾಕ್‌ಲಾಗ್, ಬಹುಮಟ್ಟಿಗೆ ಇಂಥ ಸ್ಟೋರಿಗಳಿಂದಲೇ ತುಂಬಿರುತ್ತದೆ. ‘ಒಬ್ಬ ರೈತನಾಗಿ, ನನ್ನ ಜಮೀನಿನ ಪಹಣಿ ಪ್ರತಿ ನನಗೆ ಬೇಕು, ಬೆಳೆಸಾಲದ ಅರ್ಜಿಗೆ ಲಗತ್ತಿಸುವುದಕ್ಕಾಗಿ’ ಎಂಬುದು ಒಂದು ಮಾದರಿ. ಈ ವಾಕ್ಯವನ್ನು ಬರೆಯುವುದು ರೈತನಲ್ಲ, ಕಚೇರಿಯಲ್ಲಿ ಕೂತ ಒಬ್ಬ ಪ್ರಾಡಕ್ಟ್ ಓನರ್. ಓದಿ ಕೆಲಸ ಮಾಡುವ ಡೆವಲಪರ್ ಆ ರೈತನ ಮುಖವನ್ನು ನೋಡಿರುವುದೂ ಅಪರೂಪ. ಒಬ್ಬನ ಬಯಕೆಯನ್ನು ಇನ್ನೊಬ್ಬ ಬರೆಯುತ್ತಾನೆ. ಮೂರನೆಯವನಿಗೆ ಅದು ವಿಧಿಯಾಗುತ್ತದೆ. ಹೀಗಿರುವಾಗ ಆ ವಾಕ್ಯ ಒಳ್ಳೆಯದು ಅಥವಾ ಕೆಟ್ಟದ್ದು ಎಂದು ಯಾವ ಆಧಾರದ ಮೇಲೆ ಹೇಳುವುದು? ಇನ್ನೊಬ್ಬರ ಉದ್ದೇಶವನ್ನು ತಿಳಿಯಲು ಬರುತ್ತದೆಯೇ, ಬರೆದ ಮಾತು ಅದನ್ನು ಹೊತ್ತೊಯ್ಯಬಲ್ಲದೇ, ಆ ಮಾತಿನಂತೆ ನಡೆದ ಕೆಲಸ ಉದ್ದೇಶವನ್ನು ಮುಟ್ಟಿತೆಂದು ಗೊತ್ತಾಗುವುದು ಹೇಗೆ ಎಂಬ ಹಳೆಯ ತತ್ತ್ವಪ್ರಶ್ನೆಗಳೆಲ್ಲ ಈ ಸಣ್ಣ ವಾಕ್ಯದೊಳಗೆ ಸೇರಿಕೊಂಡಿವೆ.

ಯೂಸರ್ ಸ್ಟೋರಿ ಹುಟ್ಟಿದ್ದು ಅಮೆರಿಕದಲ್ಲಿ, ಕಾರು ಕಂಪನಿಯೊಂದರ ಸಂಬಳದ ಲೆಕ್ಕದ ನಡುವೆ. ಡೆಟ್ರಾಯಿಟ್ ಬಳಿ ಕ್ರೈಸ್ಲರ್ ಕಂಪನಿಯ ಸಿ3 ಎಂಬ ವೇತನ ಯೋಜನೆಗೆ 1996ರಲ್ಲಿ ಕೆಂಟ್ ಬೆಕ್ ಬಂದಾಗ, ಅಲ್ಲಿ ರೂಪುಗೊಂಡ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯ ಭಾಗವಾಗಿ ಸ್ಟೋರಿಗಳು ಬಳಕೆಗೆ ಬಂದವು. ನೂರಾರು ಪುಟಗಳ ಅವಶ್ಯಕತಾ ದಾಖಲೆಗೆ ಬದಲಾಗಿ ಅಂಗೈಯಗಲದ ಕಾರ್ಡುಗಳು ಬಂದವು. ಕಾರ್ಡಿನಲ್ಲಿ ಎಲ್ಲವನ್ನೂ ಬರೆಯಲು ಜಾಗವಿಲ್ಲದಿದ್ದುದು ಉದ್ದೇಶಪೂರ್ವಕ. ಉಳಿದದ್ದನ್ನು ಗ್ರಾಹಕರ ಜೊತೆ ಕೂತು ಮಾತಾಡಿಯೇ ತಿಳಿಯಬೇಕು ಎಂಬುದು ಅದರ ಹಿಂದಿನ ವಿಚಾರ. ಅದೇ ಯೋಜನೆಯಲ್ಲಿದ್ದ ರಾನ್ ಜೆಫ್ರೀಸ್ 2001ರಲ್ಲಿ ಸ್ಟೋರಿಗೆ ಮೂರು ಅಂಗಗಳನ್ನು ಹೇಳಿದರು: ಕಾರ್ಡು, ಮಾತುಕತೆ, ಖಾತರಿ. ‘ಇಂಥವನಾಗಿ, ಇಂಥದ್ದು ಬೇಕು, ಇಂಥದ್ದಕ್ಕಾಗಿ’ ಎಂಬ ಮೂರು ತುಂಡುಗಳ ಅಚ್ಚು ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಂಡನ್ನಿನ ಕನೆಕ್ಸ್‌ಟ್ರಾ ಕಂಪನಿಯ ಟೀಮಿನಲ್ಲಿ ರೂಪುಗೊಂಡಿತು. 2003ರಲ್ಲಿ ಬಿಲ್ ವೇಕ್ ಒಳ್ಳೆಯ ಸ್ಟೋರಿಯ ಆರು ಲಕ್ಷಣಗಳನ್ನು ಇನ್ವೆಸ್ಟ್ ಎಂಬ ಹೆಸರಿನಡಿ ಪೋಣಿಸಿದರು. ಸ್ಟೋರಿ ಸ್ವತಂತ್ರವಾಗಿರಬೇಕು, ಚರ್ಚೆಗೆ ಎಡೆ ಕೊಡಬೇಕು, ಬೆಲೆಯುಳ್ಳದ್ದಾಗಿರಬೇಕು, ಎಷ್ಟು ಕೆಲಸ ಹಿಡಿಯುತ್ತದೆಂದು ಅಂದಾಜಿಗೆ ಸಿಗಬೇಕು, ಚಿಕ್ಕದಾಗಿರಬೇಕು, ಪರೀಕ್ಷೆಗೆ ಒಳಗಾಗುವಂತಿರಬೇಕು. ಮೈಕ್ ಕೋನ್ ಅವರ 2004ರ ಪುಸ್ತಕದಿಂದ ಇವೆಲ್ಲ ಜಗತ್ತಿನ ಸಾಫ್ಟ್‌ವೇರ್ ಕಚೇರಿಗಳಿಗೆ ಹರಡಿದವು.

ಇವರಲ್ಲಿ ಯಾರೂ ಭಾರತೀಯ ದರ್ಶನಗಳ ಕಡೆ ನೋಡಿ ಈ ಅಚ್ಚನ್ನು ಮಾಡಿದವರಲ್ಲ. ಆದರೂ ಒಂದು ವಾಕ್ಯ ಮನುಷ್ಯನನ್ನು ಕ್ರಿಯೆಗೆ ಹಚ್ಚುವುದು ಹೇಗೆ ಎಂಬುದನ್ನು ಪೂರ್ವಮೀಮಾಂಸೆಯಷ್ಟು ಹಟ ಹಿಡಿದು ವಿಚಾರಿಸಿದ ಶಾಸ್ತ್ರ ಇನ್ನೊಂದು ಸಿಗುವುದು ಕಷ್ಟ. ಜೈಮಿನಿಯ ಸೂತ್ರಗಳು, ಅವುಗಳ ಮೇಲಿನ ಶಬರನ ಭಾಷ್ಯ, ಅದನ್ನು ಬೆಳೆಸಿದ ಕುಮಾರಿಲ ಭಟ್ಟ ಮತ್ತು ಪ್ರಭಾಕರ ಇವರೆಲ್ಲರ ಮುಂದೆ ಇದ್ದದ್ದು ವೇದದ ವಿಧಿವಾಕ್ಯ. ಸ್ವರ್ಗ ಬಯಸುವವನು ಯಾಗ ಮಾಡಬೇಕೆಂಬ ಅರ್ಥದ ವಿಧಿ ಅವರ ನಿತ್ಯದ ಉದಾಹರಣೆ. ಅದನ್ನು ಬಿಡಿಸಿ ನೋಡಿದರೆ ಕನೆಕ್ಸ್‌ಟ್ರಾ ಅಚ್ಚಿನ ಮೂರೂ ತುಂಡುಗಳು ಅಲ್ಲಿವೆ. ಬಯಸುವವನು ಅಧಿಕಾರಿ, ಯಾಗ ಸಾಧನ, ಸ್ವರ್ಗ ಸಾಧ್ಯ. ಕುಮಾರಿಲನ ಸಂಪ್ರದಾಯ ಭಾವನೆ ಎಂಬ ಪ್ರವರ್ತಕ ವ್ಯಾಪಾರಕ್ಕೆ ಮೂರು ಅಂಶಗಳನ್ನು ಹೇಳುತ್ತದೆ: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು. ಕೊನೆಯದಕ್ಕೆ ಇತಿಕರ್ತವ್ಯತೆ ಎಂದು ಹೆಸರು. ವಿಧಿವಾಕ್ಯ ಈ ‘ಹೇಗೆ’ಯನ್ನು ತಾನೇ ಹೇಳುವುದಿಲ್ಲ, ಅದರ ಆಕಾಂಕ್ಷೆಯನ್ನು ಮಾತ್ರ ಎಬ್ಬಿಸುತ್ತದೆ. ಪ್ರಯಾಜವೇ ಮೊದಲಾದ ಅಂಗಕರ್ಮಗಳನ್ನು ಹೇಳುವ ಬೇರೆ ವಾಕ್ಯಗಳು ಪ್ರಕರಣದ ಬಲದಿಂದ ಬಂದು ಆ ಆಕಾಂಕ್ಷೆಯನ್ನು ತುಂಬುತ್ತವೆ. ಸ್ಟೋರಿಯಲ್ಲಿ ‘ಹೇಗೆ’ ಇರಬಾರದು, ಅದು ಮಾತುಕತೆಯಲ್ಲಿ ಬರಬೇಕು ಎಂಬ ಅಜೈಲ್ ನಿಯಮವೂ ಇದೇ ಜಾಗದಲ್ಲಿ ನಿಲ್ಲುತ್ತದೆ.

ಮೂರು ತುಂಡುಗಳಲ್ಲಿ ಬರೆಯುವವರು ಹೆಚ್ಚಾಗಿ ಕಡೆಗಣಿಸುವುದು ಕೊನೆಯದನ್ನು. ‘ಇಂಥದ್ದಕ್ಕಾಗಿ’ ಎಂಬ ಭಾಗ ಎಷ್ಟೋ ಕಡೆ ಐಚ್ಛಿಕ. ಇದ್ದರೂ ಎರಡನೆಯ ಭಾಗವನ್ನೇ ಬೇರೆ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ‘ಬಳಕೆದಾರನಾಗಿ, ಪಹಣಿ ಪುಟದಲ್ಲಿ ಡೌನ್‌ಲೋಡ್ ಬಟನ್ ಬೇಕು, ಪಹಣಿಯನ್ನು ಡೌನ್‌ಲೋಡ್ ಮಾಡಿಕೊಳ್ಳುವುದಕ್ಕಾಗಿ’ ಎಂಬ ಸ್ಟೋರಿಯನ್ನೇ ನೋಡಬಹುದು. ವ್ಯಾಕರಣ ಸರಿಯಿದೆ, ಅಚ್ಚು ಪೂರ್ತಿ ತುಂಬಿದೆ, ಅಂದಾಜಿಗೂ ಪರೀಕ್ಷೆಗೂ ಸುಲಭವಾಗಿ ಸಿಗುತ್ತದೆ. ಇಷ್ಟಾದರೂ ಯಾರಿಗೆ ಎಂಬುದು ಇದರಲ್ಲಿಲ್ಲ, ಏಕೆ ಎಂಬುದೂ ಇಲ್ಲ. ಬಟನ್ ಎಂಬ ಉಪಾಯವನ್ನು ಮೊದಲೇ ಹೇಳಿ ‘ಹೇಗೆ’ಯ ಬಾಗಿಲನ್ನೂ ಮುಚ್ಚಿಬಿಟ್ಟಿದೆ. ಬೆಳೆಸಾಲಕ್ಕಾಗಿ ಎಂದು ಬರೆದ ಸ್ಟೋರಿಯ ಪಕ್ಕದಲ್ಲಿ ಇದನ್ನಿಟ್ಟರೆ ವ್ಯತ್ಯಾಸ ಕಟ್ಟುವ ವಸ್ತುವಿನಲ್ಲೇ ಕಾಣುತ್ತದೆ. ಕರ್ನಾಟಕದ ‘ಭೂಮಿ’ ವ್ಯವಸ್ಥೆಯಲ್ಲಿ ಮಾಹಿತಿಗಾಗಿ ಪಹಣಿಯನ್ನು ಪರದೆಯ ಮೇಲೆ ನೋಡುವುದು ಒಂದು, ಶುಲ್ಕ ಕಟ್ಟಿ ಡಿಜಿಟಲ್ ಸಹಿಯುಳ್ಳ ಪ್ರತಿ ಪಡೆಯುವುದು ಇನ್ನೊಂದು. ಬ್ಯಾಂಕಿನ ಮೇಜಿನ ಮೇಲೆ ಬೆಲೆಯಿರುವುದು ಎರಡನೆಯದಕ್ಕೆ. ಫಲ ಗೊತ್ತಿಲ್ಲದ ಡೆವಲಪರ್ ಪರದೆಯ ಚಿತ್ರವನ್ನು ಇಳಿಸಿಕೊಳ್ಳುವ ಬಟನ್ ಮಾಡಿಕೊಟ್ಟು ಸ್ಟೋರಿ ಮುಗಿಯಿತು ಎನ್ನಬಹುದು; ಪರೀಕ್ಷೆಗಳೂ ಪಾಸಾಗುತ್ತವೆ. ರೈತ ಮಾತ್ರ ಬ್ಯಾಂಕಿನಿಂದ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ಪ್ರಯೋಜನ ತಿಳಿಯದೆ ಯಾರೂ ಪ್ರವೃತ್ತರಾಗುವುದಿಲ್ಲ ಎಂಬ ಕುಮಾರಿಲನ ವಾದ ಇಲ್ಲಿ ಇನ್ನೊಂದು ಅರ್ಥ ಪಡೆಯುತ್ತದೆ. ಸಾಫ್ಟ್‌ವೇರ್ ಟೀಮು ಪ್ರಯೋಜನ ತಿಳಿಯದೆಯೂ ಪ್ರವೃತ್ತವಾಗಬಲ್ಲದು. ಸಂಬಳ, ಸ್ಪ್ರಿಂಟ್ ಎಂಬ ಕಿರು ಅವಧಿಯ ಗಡುವು, ಟಿಕೆಟ್ ಮುಚ್ಚಿದ ಸಮಾಧಾನ ಇವೆಲ್ಲ ಪ್ರವೃತ್ತಿಗೆ ಸಾಕಾಗುವ ಕಾರಣಗಳು. ಆದರೆ ಈ ಕಾರಣಗಳಲ್ಲಿರುವ ಪ್ರಯೋಜನ ಕಟ್ಟುವವನದು, ಪಡೆಯುವವನದಲ್ಲ. ಫಲಭಾಗ ಗಟ್ಟಿಯಾಗಿಲ್ಲದ ಸ್ಟೋರಿಯಲ್ಲಿ ಕಟ್ಟುವವನ ಫಲ ಪಡೆಯುವವನ ಫಲದ ಜಾಗವನ್ನು ಸದ್ದಿಲ್ಲದೆ ಆಕ್ರಮಿಸುತ್ತದೆ. ಸ್ಟೋರಿಯ ಗುಣ ಕೇವಲ ಬರವಣಿಗೆಯ ವಿಷಯವಾಗದೆ ನೀತಿಯ ವಿಷಯವೂ ಆಗುವುದು ಈ ಹಂತದಲ್ಲಿ.

ಫಲ ಯಾರಿಗೆ ಎಂಬುದು ಮೀಮಾಂಸಕರು ತುಂಬ ವಿವರವಾಗಿ ಚರ್ಚಿಸಿದ ಪ್ರಶ್ನೆ. ಯಾಗದಲ್ಲಿ ಮಂತ್ರ ಹೇಳುವವರು, ಆಹುತಿ ಹಾಕುವವರು ಋತ್ವಿಜರು. ಕೈಯಿಂದ ನಡೆಯುವ ಕೆಲಸದ ಬಹುಭಾಗ ಅವರದೇ. ಆದರೆ ಫಲ ಯಜಮಾನನಿಗೆ. ಋತ್ವಿಜರಿಗೆ ಸಲ್ಲುವುದು ದಕ್ಷಿಣೆ. ಕ್ರಿಯೆ ಮಾಡುವವನೂ ಕ್ರಿಯೆಯ ಫಲ ಉಣ್ಣುವವನೂ ಬೇರೆಯಾಗಬಹುದು, ಹಾಗೆ ಬೇರೆಯಾದಾಗಲೂ ವಿಧಿ ಯಾರನ್ನು ಉದ್ದೇಶಿಸಿದೆ ಎಂಬುದನ್ನು ಫಲದಿಂದಲೇ ಗುರುತಿಸಬೇಕು ಎಂಬ ನಿಲುವು ಅದು. ಪಹಣಿಯ ಉದಾಹರಣೆಯಲ್ಲಿ ಕೀಲಿಮಣೆಯ ಮೇಲೆ ಬೆರಳಿಟ್ಟಿರುವವನು ಎಷ್ಟೋ ಸಲ ನಾಡಕಚೇರಿಯ ಅಥವಾ ಗ್ರಾಮ ಒನ್ ಕೇಂದ್ರದ ಆಪರೇಟರ್. ಸರದಿಯಲ್ಲಿ ಇಪ್ಪತ್ತು ಜನ ನಿಂತಿರುವಾಗ ಪುಟ ಬೇಗ ತೆರೆಯಬೇಕು, ಸರ್ವೆ ನಂಬರನ್ನು ಮತ್ತೆ ಮತ್ತೆ ಒತ್ತುವಂತಿರಬಾರದು ಎಂಬುದು ಅವನ ಬಯಕೆ. ತನ್ನ ಹೆಸರು, ಹಿಸ್ಸಾ, ಬೆಳೆಯ ಕಾಲಂ ಸರಿಯಾಗಿವೆಯೇ ಎಂದು ಮುದ್ರಣಕ್ಕೆ ಮೊದಲು ನೋಡಿಕೊಳ್ಳಬೇಕು ಎಂಬುದು ಪಕ್ಕದಲ್ಲಿ ನಿಂತ ರೈತನ ಬಯಕೆ. ಎರಡೂ ನ್ಯಾಯವಾದವು, ಎರಡೂ ಒಂದೇ ಪರದೆಗೆ ಸಂಬಂಧಿಸಿದವು, ಆದರೆ ಒಂದನ್ನೊಂದು ಎಳೆಯುತ್ತವೆ. ‘ಬಳಕೆದಾರನಾಗಿ’ ಎಂಬ ಒಂದೇ ಪದ ಇಬ್ಬರನ್ನೂ ನುಂಗಿ ಈ ಜಗ್ಗಾಟವನ್ನು ಮರೆಮಾಡುತ್ತದೆ. ಕಾಲ್ಪನಿಕ ಆದರೆ ನಿರ್ದಿಷ್ಟವಾದ ಬಳಕೆದಾರರ ಚಿತ್ರ ಬರೆದಿಟ್ಟುಕೊಳ್ಳುವ ಪರ್ಸೋನಾ ಎಂಬ ಕ್ರಮವನ್ನು ಅಲನ್ ಕೂಪರ್ 1999ರ ಪುಸ್ತಕದಲ್ಲಿ ಪ್ರಚುರಪಡಿಸಿದ್ದು ಇಂಥ ಅನಾಮಿಕತೆಗೆ ಮದ್ದಾಗಿಯೇ.

ಬಯಸುವವನು, ಬಳಸುವವನು, ಫಲ ಪಡೆಯುವವನು ಇವರ ಜೊತೆ ಹಣ ಕೊಡುವವನನ್ನೂ ಸೇರಿಸಬೇಕು. ಸಿ3 ಯೋಜನೆಯ ಕಥೆ ಇಲ್ಲಿ ಪಾಠವಾಗುತ್ತದೆ. 1997ರಲ್ಲಿ ಅದು ಸುಮಾರು 10 ಸಾವಿರ ನೌಕರರಿಗೆ ಸಂಬಳ ಲೆಕ್ಕ ಹಾಕಲು ಶುರುಮಾಡಿತು. 2000ದಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಟೀಮಿಗೆ ಸ್ಟೋರಿ ಒದಗಿಸುತ್ತಿದ್ದವರು ಮತ್ತು ಟೀಮಿನ ಕೆಲಸವನ್ನು ಅಳೆದು ಹಣ ಬಿಡುಗಡೆ ಮಾಡುತ್ತಿದ್ದವರು ಬೇರೆ ಬೇರೆಯಾಗಿದ್ದರು, ಇಬ್ಬರ ಕಾಳಜಿಗಳೂ ಬೇರೆಯಾಗಿದ್ದವು ಎಂಬ ಕಾರಣವನ್ನು ಆ ಯೋಜನೆಯ ಒಳಗಿನವರೇ ಮುಂದೆ ಗುರುತಿಸಿದರು. ಯೂಸರ್ ಸ್ಟೋರಿಯ ತವರಿನಲ್ಲೇ, ಸ್ಟೋರಿ ಹೇಳುವವನು ಯಾರ ಪರವಾಗಿ ಮಾತಾಡುತ್ತಿದ್ದಾನೆ ಎಂಬ ಪ್ರಶ್ನೆ ಬಗೆಹರಿಯದೆ ಉಳಿದಿತ್ತು. ಬೆಂಗಳೂರಿನ ಟೀಮುಗಳಲ್ಲಿ ಈ ದೂರ ಇನ್ನಷ್ಟು ಹೆಚ್ಚು. ಬಳಸುವವರು ಒಂದು ಖಂಡದಲ್ಲಿ, ಹಣ ಕೊಡುವವರು ಇನ್ನೊಂದರಲ್ಲಿ, ಪ್ರಾಡಕ್ಟ್ ಓನರ್ ರಾತ್ರಿಯ ಕಾಲ್‌ನಲ್ಲಿ ಕೇಳಿಸುವ ಒಂದು ದನಿ. ಅಲ್ಲಿ ಬರೆದ ಸ್ಟೋರಿ ಇಲ್ಲಿಗೆ ಬರುವ ಹೊತ್ತಿಗೆ ಎರಡು ಮೂರು ಕೈ ದಾಟಿರುತ್ತದೆ. ಪ್ರತಿ ಕೈಯಲ್ಲೂ ಮೊದಲು ಉದುರುವುದು ಫಲಭಾಗವೇ.

ವಾಕ್ಯದ ಒಳಗಿನ ಗುಣಗಳನ್ನು ಕ್ರಮಬದ್ಧವಾಗಿ ಪಟ್ಟಿ ಮಾಡಿದ ಕೆಲಸ ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದ್ದು. ಗಾರ್ಮ್ ಲುಕಾಸನ್, ಫಾಬಿಯಾನೊ ದಾಲ್‌ಪಿಯಾಜ್ ಮತ್ತು ಸಂಗಡಿಗರು 2015–16ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ 13 ಮಾನದಂಡಗಳಿವೆ. ಕೆಲವು ವಾಕ್ಯರಚನೆಗೆ, ಕೆಲವು ಅರ್ಥಕ್ಕೆ, ಉಳಿದವು ಬಳಕೆಯ ಸಂದರ್ಭಕ್ಕೆ ಸಂಬಂಧಿಸಿದವು. ಒಂದು ಸ್ಟೋರಿ ಒಂದೇ ಸೌಲಭ್ಯವನ್ನು ಕೇಳಬೇಕು, ಬೇರೊಂದು ಸ್ಟೋರಿಗೆ ವಿರುದ್ಧವಾಗಿರಬಾರದು, ಸಮಸ್ಯೆಯನ್ನು ಹೇಳಬೇಕೇ ಹೊರತು ಪರಿಹಾರವನ್ನಲ್ಲ, ಎರಡು ಅರ್ಥಕ್ಕೆ ಎಡೆಯಿರಬಾರದು ಎಂಬಂಥವು ಅವು. ಭಾರತೀಯ ಶಾಬ್ದಬೋಧ ವಿಚಾರವನ್ನು ಬಲ್ಲ ಓದುಗರಿಗೆ ಈ ವಿಂಗಡಣೆ ಅಪರಿಚಿತವೆನಿಸುವುದಿಲ್ಲ. ಪದಗಳು ಪರಸ್ಪರ ಅಪೇಕ್ಷಿಸಬೇಕೆಂಬ ಆಕಾಂಕ್ಷೆ, ಅರ್ಥಗಳು ಕೂಡಿಬರಬೇಕೆಂಬ ಯೋಗ್ಯತೆ, ಹತ್ತಿರದಲ್ಲಿರಬೇಕೆಂಬ ಸನ್ನಿಧಿ ಇವುಗಳನ್ನು ವಾಕ್ಯಾರ್ಥಕ್ಕೆ ಕಾರಣವೆಂದು ನೈಯಾಯಿಕರೂ ಮೀಮಾಂಸಕರೂ ಒಪ್ಪುತ್ತಾರೆ. ಬೆಂಕಿಯಿಂದ ನೀರುಣಿಸು ಎಂಬ ಮಾತಿನಲ್ಲಿ ವ್ಯಾಕರಣ ಕೆಡದಿದ್ದರೂ ಯೋಗ್ಯತೆ ಕೆಟ್ಟಿದೆ. ಸಹಿ ಮಾಡದ ಪ್ರತಿಯನ್ನು ಸಾಲದ ದಾಖಲೆಯಾಗಿ ಬೇಡುವ ಸ್ಟೋರಿಯಲ್ಲಿ ಇರುವುದೂ ಅದೇ ದೋಷ.

ಸ್ಟೋರಿ ಎಷ್ಟು ದೊಡ್ಡದಿರಬೇಕು ಎಂಬ ವಿಚಾರದಲ್ಲಿ ಮೀಮಾಂಸೆ ನೇರವಾಗಿಯೇ ನೆರವಾಗುತ್ತದೆ. ಅಜೈಲ್ ಟೀಮುಗಳಲ್ಲಿ ದೊಡ್ಡ ಸ್ಟೋರಿಯನ್ನು ಒಡೆಯುವುದು ವಾರವಾರದ ಕೆಲಸ. ಎಲ್ಲಿ ಒಡೆಯಬೇಕು ಎಂಬುದರ ಬಗ್ಗೆ ವಾರವಾರದ ವಾದ. ಯಾವುದು ಒಂದು ವಾಕ್ಯ ಎಂಬುದಕ್ಕೆ ಜೈಮಿನಿ ಕೊಡುವ ಲಕ್ಷಣದಲ್ಲಿ ಎರಡು ಷರತ್ತುಗಳಿವೆ. ಇಡೀ ಪದಸಮೂಹದ ಪ್ರಯೋಜನ ಒಂದೇ ಆಗಿರಬೇಕು. ಒಡೆದರೆ ತುಂಡುಗಳು ಒಂದನ್ನೊಂದು ಬೇಡುವಂತಿರಬೇಕು. ಒಂದೇ ವಾಕ್ಯ ಎರಡು ವಿಧಿಗಳನ್ನು ಹೇಳುತ್ತದೆಂದು ಅರ್ಥಮಾಡಿದರೆ ಅದು ವಾಕ್ಯಭೇದ ಎಂಬ ದೋಷ. ‘ಪಹಣಿ ಪಡೆಯಬೇಕು ಮತ್ತು ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು’ ಎಂಬ ಸ್ಟೋರಿಯನ್ನು ಒಡೆದರೆ ಎರಡು ತುಂಡುಗಳೂ ತಮ್ಮ ಕಾಲ ಮೇಲೆ ನಿಲ್ಲುತ್ತವೆ, ಆದ್ದರಿಂದ ಒಡೆಯಬೇಕು. ‘ಪಹಣಿಗೆ ಡೇಟಾಬೇಸ್ ಟೇಬಲ್ ಮಾಡುವುದು’ ಒಂದು, ‘ಪಹಣಿಗೆ ಪರದೆ ಮಾಡುವುದು’ ಇನ್ನೊಂದು ಎಂದು ಒಡೆದರೆ ಎರಡೂ ಒಂದನ್ನೊಂದು ಕೇಳುತ್ತ ನಿಲ್ಲುತ್ತವೆ. ಯಾವುದೊಂದರಿಂದಲೂ ರೈತನಿಗೆ ಫಲವಿಲ್ಲ, ಆದ್ದರಿಂದ ಒಡೆಯಬಾರದು. ತಾಂತ್ರಿಕ ಪದರಗಳಾಗಿ ಸೀಳಬೇಡಿ, ಪ್ರತಿ ತುಂಡಿಗೂ ಸ್ವಂತ ಫಲವಿರಲಿ ಎಂದು ಅಜೈಲ್ ಗುರುಗಳು ಹೇಳುವ ಮಾತಿಗೆ ಇದಕ್ಕಿಂತ ಚೊಕ್ಕವಾದ ಒರೆಗಲ್ಲು ಸಿಗಲಾರದು.

ಯುಟ್ರೆಕ್ಟ್ ಸಂಶೋಧಕರು ತಮ್ಮ ಮಾನದಂಡಗಳನ್ನು ಪರೀಕ್ಷಿಸಲು ಅಕ್ವಾಸಾ ಎಂಬ ತಂತ್ರಾಂಶವನ್ನೂ ಕಟ್ಟಿ, 18 ಕಂಪನಿಗಳಿಂದ ಬಂದ 1,023 ಸ್ಟೋರಿಗಳ ಮೇಲೆ ಅದನ್ನು ಓಡಿಸಿದರು. ಅವರ ಒಂದು ತೀರ್ಮಾನ ಗಮನಾರ್ಹ. ವಾಕ್ಯವನ್ನು ನೋಡಿಯೇ ಪತ್ತೆಹಚ್ಚಬಹುದಾದ ದೋಷಗಳನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿ, ವಿಷಯದ ಆಳವಾದ ತಿಳುವಳಿಕೆ ಬೇಡುವ ಮಾನದಂಡಗಳನ್ನು ಮನುಷ್ಯರಿಗೇ ಬಿಟ್ಟರು. ಈ ವಿನಯ ಇಂದು ಇನ್ನೂ ಹೆಚ್ಚು ಬೇಕಾಗಿದೆ. ಭಾಷಾ ಮಾದರಿಗಳು ಈಗ ಒಂದು ಸಾಲಿನ ಸೂಚನೆಯಿಂದ ಐವತ್ತು ಸ್ಟೋರಿ ಬರೆದುಕೊಡುತ್ತವೆ. ಅವುಗಳಲ್ಲಿ ಅಧಿಕಾರಿ ಇರುತ್ತಾನೆ, ಸಾಧನ ಇರುತ್ತದೆ, ನಂಬುವಂಥ ಫಲವೂ ಇರುತ್ತದೆ. ಆ ಫಲವನ್ನು ಬಯಸಿದವರು ಯಾರಾದರೂ ನಿಜವಾಗಿ ಇದ್ದಾರೆಯೇ ಎಂಬುದಕ್ಕೆ ಮಾತ್ರ ವಾಕ್ಯದಲ್ಲಿ ಪುರಾವೆಯಿಲ್ಲ. ಖಾಲಿ ಬಿಟ್ಟ ಫಲಭಾಗ ಕನಿಷ್ಠಪಕ್ಷ ತಾನು ಖಾಲಿಯೆಂದು ತೋರಿಸಿಕೊಳ್ಳುತ್ತದೆ. ಊಹೆಯಿಂದ ತುಂಬಿದ್ದು ಹಾಗೆ ತೋರಿಸಿಕೊಳ್ಳದ ಕಾರಣ ಹೆಚ್ಚು ಅಪಾಯದ್ದು.

ಬರೆದ ಮಾತಿನ ಮೇಲೆ ಅನುಮಾನ ಹೊಸದಲ್ಲ. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸ್ ಬರವಣಿಗೆಯ ಮೇಲೆ ಹೊರಿಸುವ ಮುಖ್ಯ ಆಕ್ಷೇಪವೆಂದರೆ, ಪ್ರಶ್ನೆ ಕೇಳಿದರೆ ಅದು ಹೇಳಿದ್ದನ್ನೇ ಹೇಳುತ್ತದೆ, ಯಾರ ಕೈಗೆ ಬಿದ್ದರೂ ತನ್ನನ್ನು ತಾನು ಕಾಪಾಡಿಕೊಳ್ಳಲಾರದು ಎಂಬುದು. ಕಾರ್ಡನ್ನು ಬೇಕೆಂದೇ ಅಪೂರ್ಣವಾಗಿಟ್ಟ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಈ ಆಕ್ಷೇಪವನ್ನು ಒಪ್ಪಿಕೊಂಡು ಕಟ್ಟಿದ ಪದ್ಧತಿಯಂತಿದೆ. ಅಲಿಸ್ಟರ್ ಕಾಕ್‌ಬರ್ನ್ ಸ್ಟೋರಿಯನ್ನು ಮುಂದಿನ ಮಾತುಕತೆಗೆ ಕೊಟ್ಟ ವಚನವೆಂದು ವರ್ಣಿಸಿದ್ದೂ ಅದೇ ಅರ್ಥದಲ್ಲಿ. ಹಾಗೆ ನೋಡಿದರೆ, ಮಾತುಕತೆ ನಡೆಯದೆ ಮುಗಿದ ಸ್ಟೋರಿ ತಪ್ಪಿದ ವಚನ. ಎಲ್ಲವನ್ನೂ ಟಿಕೆಟ್ಟಿನಲ್ಲೇ ಬರೆಯಿರಿ ಎಂದು ಒತ್ತಾಯಿಸುವ ಕಚೇರಿಗಳು ಸ್ಟೋರಿಯ ಹೆಸರಿನಲ್ಲಿ ಹಳೆಯ ಅವಶ್ಯಕತಾ ದಾಖಲೆಗೇ ಮರಳಿವೆ. ಕಾಲವಲಯಗಳ ಅಂತರದಲ್ಲಿ ದುಡಿಯುವ ಟೀಮುಗಳಿಗೆ ಹೆಚ್ಚು ಬರೆಯದೆ ಗತ್ಯಂತರವಿಲ್ಲ ಎಂಬುದು ನಿಜ. ಆಗಲೂ ಪ್ರಶ್ನೆ ಕೇಳಿದರೆ ಉತ್ತರಿಸುವ ಒಬ್ಬ ವ್ಯಕ್ತಿ ಸ್ಟೋರಿಯ ಹಿಂದೆ ಇರಲೇಬೇಕು.

ಇನ್ನು ಖಾತರಿ. ಮಾತು ಅರ್ಥವಾಯಿತೆಂದು ತಿಳಿಯುವುದು ಹೇಗೆ ಎಂಬುದಕ್ಕೆ ಪ್ರಭಾಕರನ ಸಂಪ್ರದಾಯದವರು ಮಗು ಭಾಷೆ ಕಲಿಯುವ ಬಗೆಯನ್ನು ತೋರಿಸುತ್ತಾರೆ. ಹಿರಿಯನೊಬ್ಬ ಹಸುವನ್ನು ತಾ ಎನ್ನುತ್ತಾನೆ, ಇನ್ನೊಬ್ಬ ಹೋಗಿ ತರುತ್ತಾನೆ. ಪಕ್ಕದಲ್ಲಿರುವ ಮಗು ಎರಡನ್ನೂ ನೋಡುತ್ತದೆ. ಮುಂದೆ ಹಸುವನ್ನು ಕಟ್ಟು, ಕುದುರೆಯನ್ನು ತಾ ಎಂಬ ಮಾತುಗಳಿಗೆ ಕ್ರಿಯೆ ಹೇಗೆ ಬದಲಾಗುತ್ತದೆಂದು ನೋಡಿ ಒಂದೊಂದು ಪದದ ಅರ್ಥ ಹಿಡಿಯುತ್ತದೆ. ಅವರ ಪ್ರಕಾರ ಮಾತಿನ ಅರ್ಥ ಗೊತ್ತಾಗುವುದು ಕ್ರಿಯೆಯೊಡನೆ ಕೂಡಿಯೇ. ಡ್ಯಾನ್ ನಾರ್ತ್ ಮತ್ತು ಸಂಗಡಿಗರು ರೂಪಿಸಿದ ‘ಹೀಗಿರುವಾಗ, ಹೀಗೆ ಮಾಡಿದರೆ, ಹೀಗಾಗಬೇಕು’ ಎಂಬ ಸ್ವೀಕಾರ ಪರೀಕ್ಷೆಯ ಅಚ್ಚು ಕೂಡ ಸ್ಟೋರಿಯ ಅರ್ಥವನ್ನು ಕಣ್ಣಿಗೆ ಕಾಣುವ ಕ್ರಿಯೆಗೆ ಕಟ್ಟುತ್ತದೆ. ರೈತನ ಸರ್ವೆ ನಂಬರಿನಲ್ಲಿ ಎರಡು ಹಿಸ್ಸಾ ಇರುವಾಗ, ಅವನು ಒಂದನ್ನು ಆರಿಸಿ ಶುಲ್ಕ ಕಟ್ಟಿದರೆ, ಆ ಹಿಸ್ಸಾದ ಸಹಿಯುಳ್ಳ ಪ್ರತಿ ಮಾತ್ರ ಬರಬೇಕು ಎಂದು ಬರೆದ ಕೂಡಲೇ, ಶುಲ್ಕ ಕಟ್ಟಿ ಪ್ರತಿ ಬಾರದಿದ್ದರೆ ಏನು ಎಂಬ ಪ್ರಶ್ನೆ ಟೆಸ್ಟರ್ ಬಾಯಿಗೆ ಬರುತ್ತದೆ. ಒಳ್ಳೆಯ ಸ್ಟೋರಿಯನ್ನು ಇಂಥ ಪ್ರಶ್ನೆ ಎಬ್ಬಿಸುವ ಶಕ್ತಿಯಿಂದ ಗುರುತಿಸಬಹುದು. ಆದರೆ ಉದಾಹರಣೆಗಳು ಎಷ್ಟಿದ್ದರೂ ಸಾಲುವುದಿಲ್ಲ. ಯಾವ ನಿಯಮವೂ ತನ್ನ ಮುಂದಿನ ಬಳಕೆಯನ್ನು ತಾನೇ ನಿರ್ಧರಿಸಲಾರದು ಎಂಬುದು ವಿಟ್‌ಗೆನ್‌ಸ್ಟೈನ್ 1953ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಎತ್ತಿದ ತೊಡಕು. ಬರೆಯದ ಸಂದರ್ಭ ಎದುರಾದಾಗ ದಾರಿ ತೋರಿಸುವುದು ಮತ್ತೆ ಫಲಭಾಗವೇ.

ಫಲವನ್ನು ಕೇಂದ್ರದಲ್ಲಿಡುವ ಈ ಅಚ್ಚಿಗೆ ಒಂದು ಮಿತಿಯಿದೆ, ಅದನ್ನೂ ಮೀಮಾಂಸೆಯ ವಿಂಗಡಣೆಯಿಂದಲೇ ಸ್ಪಷ್ಟವಾಗಿ ಕಾಣಬಹುದು. ಫಲ ಬಯಸಿ ಮಾಡುವ ಕರ್ಮ ಕಾಮ್ಯ. ಬಯಕೆಯಿರಲಿ ಬಿಡಲಿ, ಮಾಡಲೇಬೇಕಾದದ್ದು ನಿತ್ಯ. ಅದನ್ನು ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ. ಮಾಡಲೇಬಾರದ್ದು ನಿಷಿದ್ಧ. ಯೂಸರ್ ಸ್ಟೋರಿ ಎಲ್ಲವನ್ನೂ ಕಾಮ್ಯದ ಅಚ್ಚಿಗೆ ತುರುಕುತ್ತದೆ. ಪಾಸ್‌ವರ್ಡುಗಳನ್ನು ಭದ್ರವಾಗಿಡುವುದು, ಹಳೆಯ ಕೋಡನ್ನು ಸುಸ್ಥಿತಿಯಲ್ಲಿಡುವುದು, ಕಣ್ಣು ಕಾಣದವರಿಗೂ ಪರದೆ ಓದಲು ಬರುವಂತೆ ಮಾಡುವುದು ಇವು ನಿತ್ಯಕರ್ಮಗಳು. ಮಾಡಿದಾಗ ಯಾರೂ ಗಮನಿಸುವುದಿಲ್ಲ. ಬಿಟ್ಟರೆ ಹಾನಿ ಖಚಿತ. ಇವುಗಳಿಗೆ ‘ಸಿಸ್ಟಮ್ ಆಗಿ, ನನಗೆ ಭದ್ರತೆ ಬೇಕು’ ಎಂಬ ವಿಚಿತ್ರ ಸ್ಟೋರಿ ಬರೆದು ಬ್ಯಾಕ್‌ಲಾಗಿನ ಬುಡದಲ್ಲಿ ಕೊಳೆಯಲು ಬಿಡುವುದು ಹಲವು ಟೀಮುಗಳ ರೂಢಿ. ಇವನ್ನು ಸ್ಟೋರಿ ಮಾಡದೆ, ಪ್ರತಿ ಸ್ಟೋರಿಯೂ ಮುಗಿಯಲು ಪೂರೈಸಲೇಬೇಕಾದ ಷರತ್ತುಗಳನ್ನಾಗಿ ಮಾಡುವುದೇ ಸರಿಯಾದ ದಾರಿ.

ನಿಷಿದ್ಧದ ಪ್ರಶ್ನೆ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ಪೆಟ್ಟು ತಿನ್ನುವವನು ಎಷ್ಟೋ ಸಲ ಬಳಕೆದಾರನೇ ಅಲ್ಲ. ಪಹಣಿ ಪುಟವನ್ನು ಎಂದೂ ತೆರೆಯದ ವಿಧವೆಯೊಬ್ಬಳ ಪಾಲಿನ ಜಮೀನಿನ ವಿವರ ಅದೇ ಪುಟದಲ್ಲಿ ಇನ್ನೊಬ್ಬರಿಗೆ ಕಾಣುತ್ತದೆ, ಅವಳಿಗೆ ಗೊತ್ತಾಗದಂತೆ ಅದರ ಮೇಲೆ ಅರ್ಜಿ ಬೀಳಬಹುದು. ಅವಳು ‘ಇಂಥವಳಾಗಿ’ ಎಂದು ಯಾವ ಕಾರ್ಡಿನಲ್ಲೂ ಬರುವುದಿಲ್ಲ, ಏಕೆಂದರೆ ಅವಳು ಏನನ್ನೂ ಕೇಳಿಲ್ಲ. ಬಳಕೆದಾರನ ಮಾತಿನಲ್ಲಿ ಬರೆಯಬೇಕೆಂಬ ನಿಯಮ ಮಾತಾಡಿದವರ ಕಡೆಗೆ ವಾಲುತ್ತದೆ. ಆದ್ದರಿಂದ ಟೀಮೊಂದು ಬ್ಯಾಕ್‌ಲಾಗನ್ನು ಪರಿಶೀಲಿಸಲು ಕೂತಾಗ ಪ್ರತಿ ಸ್ಟೋರಿಗೂ ಎರಡು ಪ್ರಶ್ನೆ ಹಾಕಬೇಕು: ಈ ಫಲವನ್ನು ಬಯಸಿದ ವ್ಯಕ್ತಿಯ ಜೊತೆ ಯಾರು, ಯಾವಾಗ ಮಾತಾಡಿದರು? ಈ ಫಲದಿಂದ ಪೆಟ್ಟು ತಿನ್ನಬಹುದಾದವರು ಯಾರು? ಮೊದಲನೆಯದಕ್ಕೆ ಉತ್ತರವಿಲ್ಲದ ಸ್ಟೋರಿಯ ಮೇಲೆ ಊಹೆ ಎಂದು ಬರೆದಿಟ್ಟು, ಕೋಡ್ ಬರೆಯುವ ಮುನ್ನ ಆ ವ್ಯಕ್ತಿಯನ್ನು ಹುಡುಕಬೇಕು. ಎರಡನೆಯದಕ್ಕೆ ಉತ್ತರವಾಗಿ ಬಂದವರ ಪರವಾಗಿ ಕಾರ್ಡು ಬರೆಯುವ ಹೊಣೆ ಟೀಮಿನದೇ.